ಚೀಲ ಕಟ್ಟಿದ ಬಾವುಟ

ಹೊರಡಲು ನಿಂತಿದ್ದ ಬಸ್ಸಿನ ಮುಂದಿನ ಚಕ್ರಕ್ಕೆ ಅಡ್ಡವಾಗಿ ಫೆನ್ನಾ ತನ್ನ ಸೈಕಲ್ಲನ್ನು ಮಲಗಿಸಿದಳು.

ಡ್ರೈವರ್ ಹಾರ್ನ್ ಒತ್ತಿದ. ಫೆನ್ನಾ ಕದಲಲಿಲ್ಲ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಏನಮ್ಮಾ, ಸಾಯೋಕೆ ಹಾರ್ಲೆಮ್‌ನಲ್ಲಿ ಬೇರೆ ಜಾಗ ಸಿಗ್ಲಿಲ್ವಾ? ಪಕ್ಕದಲ್ಲೇ ಹೊಳೆ ಇದೆ ನೋಡಿ!"

"ಹೊಳೆ ಎಲ್ಲಿಗೂ ಹೋಗಲ್ಲ. ನೀವು ಹೋಗ್ತೀರಲ್ಲ, ಅದಕ್ಕೇ ನಿಮ್ಮ ಹತ್ರ ಬಂದೆ."

ಬೆಳಗಿನಿಂದ ಊರಿನ ವಸತಿಗೃಹಗಳನ್ನೆಲ್ಲ ತುಳಿದು ಬಂದವಳಿಗೆ ಏದುಸಿರು ನಿಂತಿರಲಿಲ್ಲ. ಪೊಲೀಸ್ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಹಿಡಿದ ಮೇಲೆ ಅವಳು ಇಷ್ಟು ಓಡಿದ್ದು ಇದೇ ಮೊದಲು. ಹಿಂದೆಯೇ ಮಿರ್ತೆ ಓಡಿ ಬಂದಳು. ಹದಿನೆಂಟು ತುಂಬಿದ ಹುಡುಗಿ. ಕಣ್ಣು ಬಾತಿತ್ತು. ಬಲಗೈ ಮುಷ್ಟಿಯಲ್ಲಿ ಅವಳ ಅಜ್ಜಿಯ ಎದೆನೋವಿನ ಮಾತ್ರೆಯ ಪಟ್ಟಿ. ಅದನ್ನವಳು ಮೊನ್ನೆಯಿಂದ ಕೆಳಗಿಟ್ಟಿರಲಿಲ್ಲ.

ಮೊನ್ನೆ ಸಂಜೆ ಹಗ್ಗದವರ ಓಣಿಯ ತಮ್ಮ ಮನೆಯಿಂದ ಅಜ್ಜಿ ಅಲೈಡಾ ಕಾಣೆಯಾಗಿದ್ದರು. ಪ್ರವಾಸಿಗಳನ್ನು ಕಾಲ್ನಡಿಗೆಯಲ್ಲಿ ಊರು ಸುತ್ತಿಸುವ ಇವಾಂದ್ರೋ ಆ ಮನೆಯೊಳಗೆ ನುಗ್ಗಿದ್ದನ್ನು ಕಂಡೆ ಎಂದು ಪಕ್ಕದ ಮನೆಯ ರೂಲೊಫ್ ಹೇಳಿದ್ದ. ಆ ಒಂದು ಮಾತಿನ ಮೇಲೆ ಪೊಲೀಸರು ಇವಾಂದ್ರೋನನ್ನು ಹಿಡಿದಿಟ್ಟಿದ್ದರು.

ಹಿಡಿಯಲು ಒಬ್ಬ ಸಿಕ್ಕಿದ್ದರಿಂದ ಹುಡುಕುವ ಕೆಲಸ ನಿಧಾನವಾಯಿತು. ಅಲ್ಲಿ ಪ್ರಶ್ನೆ ಕೇಳುತ್ತ ಕೂತರು. ಇಲ್ಲಿ ಮಾತ್ರೆ ಮಿರ್ತೆಯ ಮುಷ್ಟಿಯಲ್ಲೇ ಉಳಿಯಿತು. ಇನ್ನೊಂದು ರಾತ್ರಿ ಮಾತ್ರೆಯಿಲ್ಲದೆ ಕಳೆದರೆ ನಾನು ಯಾವ ಭರವಸೆಯನ್ನೂ ಕೊಡಲಾರೆ ಎಂದು ವೈದ್ಯರು ಬಾಯಿಬಿಟ್ಟು ಹೇಳಿದ್ದರು.

ಇವಾಂದ್ರೋನ ನಡಿಗೆಗೆ ಚೀಟಿಯಿಲ್ಲ, ಹೆಸರು ಬರೆಸುವುದಿಲ್ಲ. ಚೌಕದ ಪ್ರತಿಮೆಯ ಕೆಳಗೆ ನಿಂತವರೆಲ್ಲ ಅವನವರೇ. ಕೊನೆಗೆ ಟೋಪಿಯಲ್ಲಿ ಹಾಕಿದಷ್ಟು ಅವನದು. ಮೊನ್ನೆ ಅವನ ಹಿಂದೆ ನಡೆದವರು ಯಾರು? ಅವನಿಗೇ ಗೊತ್ತಿರಲಿಲ್ಲ. "ಹಾಡೋ ಜನ. ಎಲ್ಲ ವಯಸ್ಸಾದೋರು. ಉತ್ತರದ ಕಡೆಯೋರು" ಎಂದಷ್ಟೇ ಪೊಲೀಸರ ಮುಂದೆ ಹೇಳಿದ್ದ. ಆ ಹಾಡುವ ಜನ ನಿನ್ನೆಯೆಲ್ಲ ಡೆಲ್ಫ್ಟ್ ನೋಡಲು ಹೋಗಿದ್ದರು. ಇವತ್ತು ಸಿಕ್ಕಿದ್ದರು, ಅದೂ ಬಸ್ಸು ಹತ್ತಿ ಕೂತ ಮೇಲೆ.

ಬಸ್ಸಿನಿಂದ ಎತ್ತರದ ಹೆಂಗಸೊಬ್ಬಳು ಇಳಿದಳು. ಡೆನ್ಮಾರ್ಕಿನ ಯಾವುದೋ ಸಣ್ಣ ಊರಿನ ಹಾಡುಮೇಳದ ಯಜಮಾನಿ, ಸೊಲ್ವಾಯ್.

"ಸಂಜೆ ಗ್ರೋನಿಂಗೆನ್ ಊರಿನ ಇಗರ್ಜಿಯಲ್ಲಿ ನಾವು ಹಾಡ್ಬೇಕು. ಏನಾಗ್ಬೇಕಿತ್ತು?"

"ಮೊನ್ನೆ ಸಂಜೆ ನಡೆದ ದಾರೀಲಿ ಇನ್ನೊಂದ್ಸಲ ನಡೀಬೇಕು."

ಸೊಲ್ವಾಯ್ ನಕ್ಕೇಬಿಟ್ಟಳು. "ಇಪ್ಪತ್ತು ಜನ ಇದೀವಿ. ಅಂದ್ರೆ ನಲವತ್ತು ಮೊಣಕಾಲು. ಅದ್ರಲ್ಲಿ ಅರ್ಧ ಡಾಕ್ಟ್ರು ಕೂರಿಸಿದ್ದು. ಇಲ್ಲೇ ಕೇಳಿ, ಹೇಳ್ತೀವಿ."

"ಇಲ್ಲೇ ಕೇಳಿದ್ರೆ ಇಗರ್ಜಿ ನೋಡಿದ್ವಿ, ಸೇತುವೆ ನೋಡಿದ್ವಿ ಅಂತೀರಿ. ತಲೆ ಮರ್ತಿದ್ದು ಕಾಲಿಗೆ ನೆನಪಿರುತ್ತೆ. ದಮ್ಮಯ್ಯ, ನಡೀರಿ."

ಸೊಲ್ವಾಯ್ ಇಲ್ಲವೆನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಮಿರ್ತೆ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಬೆವರಿಗೆ ಪಟ್ಟಿಯ ಬೆಳ್ಳಿಹಾಳೆ ಸುಕ್ಕಾಗಿತ್ತು.

"ಇದು ನಮ್ಮ ಓಮಾದು" ಎಂದಳು.

ಅಜ್ಜಿಯನ್ನು ಇಲ್ಲಿಯ ಮಕ್ಕಳು ಓಮಾ ಎನ್ನುವುದು. ಅದು ಅರ್ಥವಾಗಲು ಸೊಲ್ವಾಯ್‌ಗೆ ಯಾರೂ ಭಾಷೆ ತಿಳಿಸಬೇಕಾಗಿರಲಿಲ್ಲ. ಅವಳು ಬಸ್ಸಿನ ಕಡೆ ತಿರುಗಿ ಎರಡು ಸಲ ಚಪ್ಪಾಳೆ ತಟ್ಟಿದಳು.

"ಇಳೀರಿ ಎಲ್ಲ! ಬೂಟು ಬಿಚ್ಚಿದ್ದೋರು ಹಾಕ್ಕೊಳ್ಳಿ!"

ಡ್ರೈವರ್ ಹಣೆ ಹಣೆ ಬಡಿದುಕೊಂಡ.

* * *

ಚೌಕದಲ್ಲಿ ಪ್ರತಿಮೆಯ ಕೆಳಗೆ ನಿಂತರು. ಮೊಬೈಲುಗಳು ಹೊರಬಂದವು. ಎಲ್ಲರ ಚಿತ್ರದಲ್ಲೂ ಇವಾಂದ್ರೋ ಇದ್ದ. ಹಳದಿ ಕೊಡೆ ಎತ್ತಿ ಹಿಡಿದು, ಹಿಂದುಹಿಂದಕ್ಕೆ ನಡೆಯುತ್ತ, ಹಲ್ಲು ಬಿಟ್ಟುಕೊಂಡು.

"ಈ ಹುಡುಗನ್ನ ಹಿಡಿದಿದಾರಾ?" ಸೊಲ್ವಾಯ್ ದನಿ ಏರಿತು. "ನಡಿಗೆ ಮುಗಿದ ಮೇಲೆ ಇದೇ ಚೌಕದಲ್ಲಿ ನಮ್ಮ ಜೊತೆಗೇ ಬಿಯರ್ ಕುಡೀತಾ ಕೂತಿದ್ದ. ಇಗರ್ಜಿಯ ಸಂಜೆಗಂಟೆ ಹೊಡೆದಾಗ್ಲೂ ಇಲ್ಲೇ ಇದ್ದ. ಅವನ ತಾಯಿ ಕಲಿಸಿದ ಹಾಡು ಅಂತ ಹೇಳಿಕೊಟ್ಟ. ಅಂಗಡಿಯವನು ಕುರ್ಚಿ ಎತ್ತಿ ಮೇಜಿನ ಮೇಲಿಡೋವರೆಗೂ ಹಾಡಿದೀವಿ. ಆಮೇಲೆ ನಮ್ಮನ್ನ ವಸತಿಗೃಹದ ಬಾಗಿಲವರೆಗೂ ಬಿಟ್ಟು ಹೋದ."

"ಮಧ್ಯದಲ್ಲಿ ಎದ್ದು ಹೋಗಿದ್ನಾ?"

"ಹೋಗಕ್ಕೆ ನಾವು ಬಿಟ್ಟಿದ್ರೆ ತಾನೆ!"

ಫೆನ್ನಾ ಕಣ್ಣು ಮುಚ್ಚಿ ತೆರೆದಳು. ಹಾಗಾದರೆ ಪಕ್ಕದ ಮನೆಯ ರೂಲೊಫ್ ಕಂಡದ್ದು ಏನನ್ನು? ಅವನ ಕಣ್ಣು ಮಸುಕಾಗಿರಬೇಕು. ಇಲ್ಲವೇ ಮಾತು ಮಸುಕಾಗಿರಬೇಕು.

ಇಗರ್ಜಿಯ ಬದಿಯಿಂದ ಇಳಿದು, ಉಪ್ಪುಮೀನು ಮಾರುವ ಗಾಡಿಯನ್ನು ದಾಟಿ, ಇಟ್ಟಿಗೆ ಹಾಸಿದ ಸಣ್ಣ ಬೀದಿಗಳಿಗೆ ಬಂದರು. ಮುದುಕರು ಕುಂಟುತ್ತ ನಡೆದರು. ಎಲ್ಲರಿಗಿಂತ ಹಿಂದೆ ನೀಲಿ ಟೋಪಿಯ ಪುಟ್ಟ ಮುದುಕಿಯೊಬ್ಬಳು ಗೋಡೆ ಹಿಡಿದುಕೊಂಡು ಬರುತ್ತಿದ್ದಳು.

"ಅವ್ರು ಯಾರು?"

"ಆಸ್ಟಾ. ಊರು ಬಿಟ್ಟಾಗಿನಿಂದ ಹಿಂದೇನೇ. ಮೊನ್ನೇನೂ ಅಷ್ಟೆ, ಅವಳಿಗಾಗಿ ಕಾಯೋದೇ ಒಂದು ಕೆಲಸ. ಡೇನಿಶ್ ಬಿಟ್ಟು ಬೇರೆ ಭಾಷೆ ಬರಲ್ಲ" ಎಂದಳು ಸೊಲ್ವಾಯ್.

ದೊಡ್ಡ ದೊಡ್ಡ ಕಿಟಕಿಗಳ ಮುಂದೆ ಹಾಯುವಾಗ ಮುದುಕರ ಕತ್ತು ತಾನಾಗಿ ಒಳಗಡೆ ವಾಲಿತು. ಒಂದು ಮನೆಯಲ್ಲಿ ಬೆಕ್ಕು, ಇನ್ನೊಂದರಲ್ಲಿ ಊಟದ ಮೇಜು, ಯಾರೋ ಉಗುರು ಕತ್ತರಿಸುತ್ತಿದ್ದಾರೆ. ಯಾವುದಕ್ಕೂ ಮರೆಯಿಲ್ಲ.

"ಇವಾಂದ್ರೋ ಇಲ್ಲಿ ನಮ್ಮನ್ನ ನಗಿಸಿದ್ದ" ಎಂದಳು ಸೊಲ್ವಾಯ್. "ಈ ಊರಲ್ಲಿ ಹಗಲು ಪರದೆ ಎಳೆದ್ರೆ ಎರಡೇ ಅರ್ಥವಂತೆ. ಮನೇಲಿ ಹೆಣ ಇರ್ಬೇಕು, ಇಲ್ಲ ಬಚ್ಚಿಡೋದು ಏನೋ ಇರ್ಬೇಕು."

ಮಿರ್ತೆಯ ಮುಖ ನೋಡಿ ಅವಳು ತಟ್ಟನೆ ಬಾಯಿ ಮುಚ್ಚಿಕೊಂಡಳು.

ಹಗ್ಗದವರ ಓಣಿ ಬಂತು. ಓಣಿಯೆಂದರೆ ಓಣಿಯೇ. ಎದುರುಬದುರು ಮನೆಯವರು ಕೈ ಚಾಚಿದರೆ ಉಪ್ಪು ಕೊಟ್ಟುಕೊಳ್ಳಬಹುದು. ಗೋಡೆಗೊಂದು ಹೂಗಿಡ, ಬಾಗಿಲಿಗೊಂದು ಬೆಂಚು. ಅಲೈಡಾರ ಮನೆಯ ಗೋಡೆಯಲ್ಲಿ ಬಾವುಟದ ಕೋಲು ಸಿಕ್ಕಿಸುವ ಕಬ್ಬಿಣದ ಬಳೆ ಖಾಲಿಯಿತ್ತು.

ಸೊಲ್ವಾಯ್ ತನ್ನ ಮೊಬೈಲು ಹಿಡಿದಳು. ಚಿತ್ರದಲ್ಲಿ ಬಳೆ ಖಾಲಿಯಿರಲಿಲ್ಲ. ಕೆಂಪು ಬಿಳಿ ನೀಲಿ ಬಾವುಟ. ಕೋಲಿನ ತುದಿಗೆ ಮಿರ್ತೆಯ ಹಳೇ ಶಾಲೆಚೀಲ ನೇತಾಡುತ್ತಿತ್ತು. ಕೆಳಗೆ ಹೊಸಿಲ ಮೇಲೆ ಅಲೈಡಾ, ಎರಡೂ ಕೈ ಕೆನ್ನೆಗೆ ಒತ್ತಿಕೊಂಡು.

"ಪರೀಕ್ಷೆ ಪಾಸಾದ ಮಗುವಿನ ಮನೇಲಿ ಹೀಗೆ ಕಟ್ತಾರೆ ಅಂತ ಇವಾಂದ್ರೋ ಹೇಳ್ದ. ನಮಗೆ ಎಷ್ಟು ಖುಷಿ ಆಯ್ತು ಅಂದ್ರೆ, ಇಲ್ಲೇ ನಿಂತು ಒಂದು ಹಾಡು ಹೇಳಿದ್ವಿ. ಮೂರು ದನಿಯಲ್ಲಿ. ಓಣಿಯವರೆಲ್ಲ ಹೊರಗೆ ಬಂದ್ರು. ಒಬ್ಬೊಬ್ಬರೂ ಅಜ್ಜಿ ಕೈ ಕುಲುಕಿ ಶುಭಾಶಯ ಹೇಳ್ತಿದ್ರು. ಅವ್ರಂತೂ ಅತ್ತುಬಿಟ್ರು, ಇವಾಂದ್ರೋನ ಕೈ ಹಿಡಿದು ಕುಲುಕಿದ್ರು. ಅದರ ಚಿತ್ರಾನೂ ಇದೆ."

ಮಿರ್ತೆ ಗೋಡೆಯ ಕಡೆ ಮುಖ ಮಾಡಿ ನಿಂತಳು. ಫೆನ್ನಾ ಅವಳ ಭುಜ ತಟ್ಟಿದಳು. ಅಜ್ಜಿಯ ನೆನಪಾಗಿರಬೇಕು ಎಂದುಕೊಂಡಳು.

"ಆಮೇಲೆ?"

"ಆಮೇಲೆ ಸೇತುವೆ."

ಓಣಿಯ ತುದಿಯಲ್ಲೇ ಹೊಳೆ. ಅದರ ಮೇಲೆ ದೋಣಿ ಬಂದಾಗ ಎತ್ತುವ ಬಿಳಿಯ ಸೇತುವೆ. ಅದರ ನಡುವೆ ನಿಂತು ತಿರುಗಿದರೆ ಓಣಿ ಬಾಯಿಂದ ಬುಡದವರೆಗೆ ಕಾಣುತ್ತದೆ. ಮೊನ್ನೆ ಇಲ್ಲಿಂದ ಓಣಿಯ ಚಿತ್ರ ಹಿಡಿದವನು ಒಬ್ಬನೇ, ದಪ್ಪ ದನಿಯ ಹಾಡುಗಾರ. ಅವನ ಮೊಬೈಲನ್ನು ಫೆನ್ನಾ ಕಸಿದುಕೊಂಡೇ ನೋಡಿದಳು.

ಚಿತ್ರದಲ್ಲಿ ಇನ್ನೂ ಬಿಸಿಲಿತ್ತು. ಇಟ್ಟಿಗೆಗಳೆಲ್ಲ ಜೇನುಬಣ್ಣ. ಸೇತುವೆಯ ಕಂಬಕ್ಕೊರಗಿ ಇವಾಂದ್ರೋ ನಗುತ್ತಿದ್ದ. ಅವನ ಹಿಂದೆ ಓಣಿ. ಓಣಿಯಲ್ಲಿ ಅಲೈಡಾರ ಮನೆ. ಗೋಡೆಯಲ್ಲಿ ಖಾಲಿ ಬಳೆ.

"ಬಾವುಟ ಇಲ್ಲ" ಎಂದಳು ಫೆನ್ನಾ ಮೆಲ್ಲಗೆ.

ಹಾಡು ಮುಗಿದು ಮೇಳ ಇಲ್ಲಿಗೆ ನಡೆದು ಬರುವಷ್ಟರಲ್ಲಿ ಯಾರೋ ಬಾವುಟ ಇಳಿಸಿದ್ದರು. ಅದು ಇವಾಂದ್ರೋ ಅಲ್ಲ. ಅವನು ಇಲ್ಲೇ ನಿಂತಿದ್ದ.

"ಮಿರ್ತೆ, ಬಾವುಟಾನ ಓಮಾನೇ ಒಳಗೆ ತಂದಿಟ್ಟಿರ್ತಾರೆ ಅಂದಿದ್ದೆ ನೀನು."

"ಹೂಂ. ನಾನು ಸಮುದ್ರದ ಹತ್ರ ಇದ್ದೆ, ಗೆಳತಿಯರ ಜೊತೆ. ಬಂದಾಗ ಬಾವುಟ ಒಳಗಿತ್ತು. ಓಮಾ ಇರ್ಲಿಲ್ಲ." ಅವಳ ಕಣ್ಣು ನೀರಿನ ಮೇಲೆಯೇ ಇತ್ತು.

ಫೆನ್ನಾಳ ಮನಸ್ಸು ಒಪ್ಪಲಿಲ್ಲ. ಹಬ್ಬದ ಬಾವುಟವಾದರೆ ಸೂರ್ಯ ಮುಳುಗುವ ಮುಂಚೆ ಒಳಗೆ ತರುತ್ತಾರೆ. ಪರೀಕ್ಷೆಯ ಬಾವುಟಕ್ಕೆ ಆ ಶಿಸ್ತಿಲ್ಲ. ವಾರ ಪೂರ್ತಿ ಹಾರುತ್ತದೆ, ಚೀಲ ಮಳೆಯಲ್ಲಿ ನೆನೆದರೂ ಯಾರೂ ಕೇಳುವುದಿಲ್ಲ. ಮೊಮ್ಮಗಳನ್ನು ಒಬ್ಬಳೇ ಸಾಕಿ ಈ ದಿನಕ್ಕಾಗಿ ಕಾದ ಅಜ್ಜಿ, ಹಾಡು ಕೇಳಿ ಅತ್ತ ಅಜ್ಜಿ, ಕಣ್ಣೀರು ಆರುವ ಮುಂಚೆಯೇ ಅದನ್ನು ಇಳಿಸುತ್ತಾಳೆಯೇ?

ಇಳಿಸಿದವರು ಬೇರೆ. ಆ ಮನೆಗೆ ಬೇರೆ ಕೆಲಸಕ್ಕೆ ಬಂದವರು. ಬಂದ ಕೆಲಸದ ನಡುವೆಯೂ ಸಂಜೆಯಾಯಿತೆಂದು ಬಾವುಟಕ್ಕೆ ಕೈ ಹಾಕಿದವರು.

ಅಂಥವರು ಆ ಓಣಿಯಲ್ಲಿ ಒಬ್ಬರೇ. ರೂಲೊಫ್. ಇದೇ ಸೇತುವೆಯ ಕಾವಲುಗಾರನಾಗಿ ತಲೆ ನರೆತವನು. ಬೆಳಗಾದರೆ ಬಾವುಟ ಏರಿಸಿ, ಸಂಜೆಯಾದರೆ ಇಳಿಸಿ, ಅದರಲ್ಲೇ ಆಯುಸ್ಸು ಸವೆಸಿದವನು. ತಲೆ ಬೇಡವೆಂದರೂ ಕೈ ಕೇಳಬೇಕಲ್ಲ!

ಹೊಳೆಯ ದಂಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಉದ್ದಕ್ಕೆ, ಸಿಟ್ಟಿನಿಂದ.

"ವಾಪಸ್ ಓಣಿಗೆ" ಎಂದಳು ಫೆನ್ನಾ. "ಎಲ್ಲರೂ ಬನ್ನಿ. ನೀವೇ ನನ್ನ ಸಾಕ್ಷಿ."

* * *

ಅವರು ಬಾಗಿಲು ತಟ್ಟಬೇಕಾಗಲಿಲ್ಲ. ರೂಲೊಫ್‌ನ ಕಿಟಕಿಯ ಹೊರಗೆ ಪುಟ್ಟ ಕನ್ನಡಿಯೊಂದು ಓರೆಯಾಗಿ ಕೂತಿದೆ. ಕುರ್ಚಿಯಿಂದ ಏಳದೆ ಬೀದಿಯ ಎರಡೂ ತುದಿ ನೋಡಲು ಹಿಂದಿನವರು ಮಾಡಿಕೊಂಡ ಉಪಾಯ. ಅವನು ಕಾಯುತ್ತಿದ್ದವನಂತೆ ಬಾಗಿಲು ತೆಗೆದು ಹೊಸಿಲಲ್ಲಿ ನಿಂತ. ಉದ್ದನೆಯ ಆಳು, ಇಸ್ತ್ರಿ ಹಾಕಿದ ಅಂಗಿ. ಹೆಂಡತಿ ತೀರಿಹೋದ ಮೇಲೆ ಒಂಟಿ. ಅವನ ಪಕ್ಕದ ದೊಡ್ಡ ಕಿಟಕಿಯಿಂದ ಒಳಮನೆ ಪೂರ್ತಿ ಕಾಣುತ್ತಿತ್ತು. ಕುರ್ಚಿ, ಗಡಿಯಾರ, ಕಿಟಕಿಕಟ್ಟೆಯ ಮೇಲೆ ಎರಡು ಕಾಫಿ ಬಟ್ಟಲು.

"ಏನಮ್ಮಾ ಫೆನ್ನಾ, ಮೆರವಣಿಗೆ ತಂದಿದೀರಿ? ಇಷ್ಟು ಜನಕ್ಕೆ ಬಿಸ್ಕತ್ತು ನನ್ನ ಡಬ್ಬೀಲಿ ಇಲ್ವಲ್ಲ."

"ಬಿಸ್ಕತ್ತು ಬೇಡ ಯಜಮಾನ್ರೆ, ಒಂದು ಮಾತು ಸಾಕು. ಮೊನ್ನೆ ಸಂಜೆ ಇವಾಂದ್ರೋ ಅಲೈಡಾ ಮನೆಗೆ ಹೋಗಿದ್ದನ್ನ ನೋಡಿದೆ ಅಂದ್ರಿ."

"ಅಂದೆ. ಕೊಡೆ ಹಿಡಿದ ಹುಡುಗ. ಅವನಿಗೂ ಅವಳಿಗೂ ಮೊದಲಿಂದ ಜಗಳ. ದಿನಾ ಸಂತೆ ಕರ್ಕೊಂಡು ಬಂದು ಕಿಟಕೀಲಿ ಇಣುಕಿಸ್ತಾನೆ ಅಂತ."

"ಜಗಳ ಮಾಡೋ ಅಜ್ಜಿ ಮೊನ್ನೆ ಅವನ ಕೈ ಕುಲುಕಿದಾರೆ. ಇಲ್ಲಿದೆ ಚಿತ್ರ. ಅವನು ಹೋಗಿದ್ದು ಯಾವಾಗ?"

"ಹಾಡು ಮುಗಿದ ಮೇಲೆ. ಸಂಜೆಗಂಟೆ ಹೊಡೀತಿತ್ತು."

"ಸಂಜೆಗಂಟೆ ಹೊಡೆಯೋವಾಗ ಅವನು ಚೌಕದಲ್ಲಿ ಇವರ ನಡುವೆ ಕೂತು ಹಾಡ್ತಿದ್ದ. ಇಪ್ಪತ್ತು ಜನ ಹೇಳ್ತಿದಾರೆ."

ರೂಲೊಫ್ ಇಪ್ಪತ್ತು ಮುಖಗಳ ಮೇಲೆ ನಿಧಾನವಾಗಿ ಕಣ್ಣಾಡಿಸಿದ. "ಕನ್ನಡಿ ಚಿಕ್ಕದು ತಾಯಿ. ಕಣ್ಣು ಹಳೇದು. ಬೇರೆ ಯಾರೋ ಇರ್ಬೇಕು."

"ಬೇರೆ ಯಾರೋ! ಆ ಯಾರೋಗೆ ಹಳದಿ ಕೊಡೆಯನ್ನೂ ನೀವೇ ಕೊಟ್ರಾ? ನಿಮ್ಮ ಒಂದು ಮಾತಿಗೆ ಒಬ್ಬ ಹುಡುಗ ಬಂದೀಖಾನೇಲಿ ಇದಾನೆ. ಒಬ್ಬಳು ಮುದುಕಿ ಮಾತ್ರೆ ಇಲ್ದೆ ಎಲ್ಲೋ ಬಿದ್ದಿದಾಳೆ. ಅವ್ರು ನಿಮ್ಮ ಪಕ್ಕದ ಮನೆಯೋರು ರೂಲೊಫ್! ನಿಮ್ಮ ಹೆಂಡ್ತಿ ಮಲಗಿದ್ದಾಗ ದಿನಾ ಗಂಜಿ ತಂದುಕೊಟ್ಟೋರು!"

ಅವನ ದವಡೆ ಬಿಗಿಯಿತು.

"ಬಾವುಟ ಇಳಿಸಿದ್ದು ಯಾರು?"

"ಯಾವ ಬಾವುಟ?"

"ಅಲೈಡಾ ಮನೆದು. ಸೇತುವೆಗೆ ಇವ್ರು ಹೋಗೋ ಹೊತ್ತಿಗೆ ಅದು ಇರ್ಲಿಲ್ಲ."

"ಅಯ್ಯೋ, ಮನುಷ್ಯರನ್ನ ಹುಡುಕೋದು ಬಿಟ್ಟು ಬಟ್ಟೆ ಹುಡುಕ್ತಿದೀರಾ! ಇಳಿದ್ರೆ ಇಳೀತು. ಮುಂದಿನ ವರ್ಷ ಮತ್ತೆ ಹಾರಿಸ್ತಾಳೆ, ಬಿಡಿ."

"ಮಾತು ತಿರುಗಿಸ್ಬೇಡಿ. ಈ ಓಣೀಲಿ ಸಂಜೆ ಆದ್ರೆ ಕೈ ತಾನಾಗಿ ಬಾವುಟದ ಕಡೆ ಹೋಗೋ ಮನುಷ್ಯ ನೀವೊಬ್ರೇ." ಫೆನ್ನಾ ಪಕ್ಕದ ಗೋಡೆಗೆ ಹೋಗಿ ಖಾಲಿ ಬಳೆಗೆ ಕೈಯಿಟ್ಟಳು. ಕೋಲು ಹಿಡಿದವಳಂತೆ ಎರಡೂ ಕೈ ಮೇಲೆತ್ತಿ, ಎಳೆದು, ಸುತ್ತಿ ತೋರಿಸಿದಳು. "ಹೀಗೆ ತೆಗೆದ್ರಿ. ಹೀಗೆ ಸುತ್ತಿದ್ರಿ. ಒಳಗಿಟ್ರಿ. ಅಲೈಡಾ ಮೊನ್ನೆ ಸಂಜೆ ನಿಮ್ಮನ್ನ ನೋಡಿದಾರೆ. ಎಲ್ಲಿದಾರೆ ಅವ್ರು?"

ರೂಲೊಫ್ ಬಾಗಿಲ ಹಿಡಿಕೆಗೆ ಕೈ ಹಾಕಿದ.

ಆಗ ಹಿಂದಿನಿಂದ ಒಂದು ತೆಳು ದನಿ ಡೇನಿಶ್‌ನಲ್ಲಿ ಏನೋ ಹೇಳಿತು. ಗುಂಪು ಎರಡಾಗಿ ದಾರಿ ಬಿಟ್ಟಿತು. ನೀಲಿ ಟೋಪಿಯ ಆಸ್ಟಾ. ಕುಂಟುತ್ತ ಮುಂದೆ ಬಂದು, ಫೆನ್ನಾ ಈಗ ತಾನೇ ಮಾಡಿದ್ದನ್ನೇ ತಾನೂ ಮಾಡಿದಳು. ಎರಡೂ ಕೈ ಮೇಲೆತ್ತಿ, ಎಳೆದು, ಸುತ್ತಿ. ಆಮೇಲೆ ತನ್ನ ಎದೆ ಮುಟ್ಟಿಕೊಂಡಳು.

"ಏನು ಹೇಳ್ತಿದಾರೆ?"

ಸೊಲ್ವಾಯ್ ಬಿಳಿಚಿಕೊಂಡಿದ್ದಳು. "ಬಾವುಟ ಇಳಿಸಿದ್ದು ತಾನು ಅಂತಿದಾಳೆ."

"ಇವ್ರಾ? ಯಾಕೆ?"

ಆಸ್ಟಾ ಹೇಳುತ್ತ ಹೋದಳು. ಸೊಲ್ವಾಯ್ ಹಿಂದೆಯೇ ತಿಳಿಸುತ್ತ ಬಂದಳು. "ಕಾಲು ನೋವು ಅಂತ ಅವಳು ಈ ಬೆಂಚ್ ಮೇಲೆ ಕೂತಿದ್ಲಂತೆ. ನಾವೆಲ್ಲ ಮುಂದೆ ಹೋಗಿದ್ವಿ. ಚೀಲದ ಭಾರಕ್ಕೆ ಕೋಲು ಜಾರಿ, ಬಾವುಟದ ಅಂಚು ನೆಲಕ್ಕೆ ತಾಗ್ತಿತ್ತಂತೆ. ನೋಡಿ, ನಮ್ಮಲ್ಲಿ ಬಾವುಟ ನೆಲ ಮುಟ್ಟೋ ಹಾಗಿಲ್ಲ. ನಮ್ಮದಲ್ಲದಿದ್ರೂ ಸರಿ, ನೋಡ್ಕೊಂಡು ಸುಮ್ನಿರೋಕೆ ಆಗಲ್ಲ. ಅದಕ್ಕೆ ತೆಗೆದು ಸುತ್ತಿ ಆ ಮನೆ ಗಂಟೆ ಒತ್ತಿದ್ಲಂತೆ."

"ಇಷ್ಟು ಹೊತ್ತು ಯಾಕೆ ಹೇಳ್ಲಿಲ್ಲ?"

"ನಾವು ಕೇಳಿದ್ದು ಅಜ್ಜಿ ವಿಷಯ. ಬಾವುಟದ ಮಾತು ಈಗ ನಿಮ್ಮ ಕೈ ನೋಡಿ ಗೊತ್ತಾಯ್ತಂತೆ."

ರೂಲೊಫ್ ನಕ್ಕ. ಆ ನಗು ಬಿಗಿದ ಹಗ್ಗ ಸಡಿಲಿಸಿದಂತಿತ್ತು.

"ಬೆಟ್ಟ ಅಗೆದು ಇಲಿ ಹಿಡಿದ್ರಿ ತಾಯಿ! ಅದೂ ಡೆನ್ಮಾರ್ಕಿನ ಇಲಿ. ನಮಸ್ಕಾರ. ನನ್ನ ಕಾಫಿ ಆರಿಹೋಗ್ತಿದೆ."

ಬಾಗಿಲು ಮುಚ್ಚಿಕೊಂಡಿತು.

ಫೆನ್ನಾ ಖಾಲಿ ಬಳೆಗೆ ಆತುಕೊಂಡೇ ನಿಂತಳು. ಬೆಳಗಿನಿಂದ ಕಟ್ಟಿದ್ದೆಲ್ಲ ಒಂದು ಮೊಣಕಾಲು ನೋವಿನ ಮುದುಕಿಯ ಮುಂದೆ ಕುಸಿದುಬಿದ್ದಿತ್ತು. ಹಾರ್ನ್ ಮತ್ತೆ ಕೇಳಿಸಿತು. ಸೊಲ್ವಾಯ್ ಮುಜುಗರದಿಂದ, "ನಾವಿನ್ನು..." ಎಂದಳು.

"ಹೋಗಿ" ಎಂದಳು ಫೆನ್ನಾ. ದನಿಯಲ್ಲಿ ಜೀವವಿರಲಿಲ್ಲ. ಆಮೇಲೆ, ಮುಳುಗುವವನು ಹುಲ್ಲುಕಡ್ಡಿ ಹಿಡಿಯುವಂತೆ ಒಂದು ಮಾತು ಕೇಳಿದಳು. "ಗಂಟೆ ಒತ್ತಿದ್ರಲ್ಲ, ಬಾಗಿಲು ತೆಗೆದಿದ್ದು ಅಜ್ಜೀನಾ? ಚೆನ್ನಾಗಿದ್ರಾ ಅವ್ರು?"

ಸೊಲ್ವಾಯ್ ಅದನ್ನು ಡೇನಿಶ್‌ಗೆ ಹೇಳಿದಳು.

ಆಸ್ಟಾ ಅಲ್ಲವೆಂದು ತಲೆಯಾಡಿಸಿದಳು. ಕೈ ಎತ್ತಿ ತೋರಿಸಿದಳು. ಬೆರಳು ಗುಂಪನ್ನು ದಾಟಿ, ಬೆಂಚನ್ನು ದಾಟಿ, ಗೋಡೆಗೊರಗಿದ್ದ ಮಿರ್ತೆಯ ಮೇಲೆ ನಿಂತಿತು.

"ಈ ಹುಡುಗಿ" ಎಂದು ಸೊಲ್ವಾಯ್ ತೊದಲಿದಳು. "ಬಾವುಟ, ಚೀಲ ಎರಡೂ ಇಸ್ಕೊಂಡಿದ್ದು ಇವಳೇ ಅಂತೆ. ಅಳ್ತಿದ್ಲಂತೆ. ಪಾಸಾದ ಸಂತೋಷಕ್ಕೆ ಅಳ್ತಿದಾಳೆ ಅಂದ್ಕೊಂಡು ಆಸ್ಟಾ ಅವಳ ಕೆನ್ನೆ ಸವರಿ ಬಂದ್ಲಂತೆ."

ಸಮುದ್ರದ ಹತ್ತಿರ ಗೆಳತಿಯರ ಜೊತೆ ಇದ್ದ ಹುಡುಗಿ!

"ಮಿರ್ತೆ."

ಹುಡುಗಿ ಗೋಡೆಯುದ್ದಕ್ಕೂ ಜಾರಿ ನೆಲಕ್ಕೆ ಕೂತಳು.

"ನಾನು ಪಾಸಾಗ್ಲಿಲ್ಲ" ಎಂದಳು.

ಯಾರಿಗೂ ಕೇಳಿಸದಂತೆ ಹೇಳಿದ್ದಳು. ಆದರೆ ಓಣಿ ಸಣ್ಣದು.

"ಶಾಲೆಯಿಂದ ಫೋನ್ ಬಂದಾಗ ಓಮಾ ಎದುರಿಗೇ ನಿಂತಿದ್ರು. ಮುಖ ನೋಡ್ತಾ ನಿಂತಿದ್ರು. ನನಗೆ ಹೇಳಕ್ಕೆ ಆಗ್ಲಿಲ್ಲ ಫೆನ್ನಾ ಅವ್ರೆ. ಪಾಸ್ ಅಂದ್ಬಿಟ್ಟೆ. ರಾತ್ರಿ ನಿಜ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಅವ್ರು ಸ್ಟೂಲ್ ತಂದು ಬಾವುಟ ಸಿಕ್ಕಿಸಿದ್ರು. ಓಣಿ ಎಲ್ಲ ಶುಭಾಶಯ ಹೇಳ್ತು. ಆಮೇಲೆ ಇವ್ರು ಬಂದು ಹಾಡಿದ್ರು. ನಾನು ಮೇಲಿನ ಕೋಣೇಲಿ ಕ್ಷಣಕ್ಷಣಾನೂ ಸಾಯ್ತಿದ್ದೆ. ಓಮಾ ಒಳಗೆ ಬಂದ ತಕ್ಷಣ ಹೇಳ್ಬಿಟ್ಟೆ."

ಫೆನ್ನಾ ಅವಳ ಮುಂದೆ ಮಂಡಿಯೂರಿ ಕೂತಳು. ಪೊಲೀಸರಾಗಲಿ ತಾನಾಗಲಿ ಶಾಲೆಯನ್ನು ಕೇಳಿರಲಿಲ್ಲ. ಬಾವುಟವೇ ಹೇಳಿದ ಮೇಲೆ ಶಾಲೆಯನ್ನು ಕೇಳುವವರು ಯಾರು? ಇಡೀ ಓಣಿ ಗೋಡೆಯ ಮೇಲಿನ ಬಟ್ಟೆಯನ್ನು ನಂಬಿ ಹುಡುಗಿಯ ಮುಖ ನೋಡುವುದನ್ನೇ ಬಿಟ್ಟಿತ್ತು.

"ಬಯ್ದ್ರಾ?"

"ಬಯ್ದಿದ್ರೆ ಚೆನ್ನಾಗಿತ್ತು. ಒಂದು ಮಾತೂ ಆಡ್ಲಿಲ್ಲ. ಆಗ ಗಂಟೆ ಆಯ್ತು, ನಾನು ಬಾವುಟ ಇಸ್ಕೊಂಡೆ. ತಿರುಗಿ ನೋಡಿದ್ರೆ ಓಮಾ ಕೋಟು ಹಾಕ್ಕೋತಿದ್ರು. 'ಸುಳ್ಳಿಗೆ ಇಸ್ಕೊಂಡ ಶುಭಾಶಯ ಮನೇಲಿ ಇಟ್ಕೋಬಾರ್ದು ಮಗು, ಎಲ್ಲರಿಗೂ ವಾಪಸ್ ಕೊಟ್ಟು ಬರ್ತೀನಿ' ಅಂದ್ರು. ಮನೆಮನೆಗೂ ಹೋಗ್ತೀನಿ ಅಂದ್ರು. ನಾನು ಮೇಲೆ ಹೋಗಿ ದಿಂಬಿಗೆ ಮುಖ ಒತ್ಕೊಂಡು ಬಿದ್ದೆ. ಸಂಜೆಗಂಟೆ ಆಯ್ತು. ಕತ್ತಲಾಯ್ತು. ಓಮಾ ಬರ್ಲೇ ಇಲ್ಲ."

"ಇವಾಂದ್ರೋನ ಹಿಡಿದಾಗ್ಲೂ ಸುಮ್ನಿದ್ಯಲ್ಲ!"

"ಅವನು ಒಂದು ದಿನದಲ್ಲಿ ಬಿಡುಗಡೆ ಆಗ್ತಾನೆ ಅಂದ್ಕೊಂಡೆ. ಓಮಾ ಯಾರ ಮನೇಲೋ ಕೂತಿರ್ತಾರೆ, ಬಂದೇ ಬರ್ತಾರೆ ಅಂದ್ಕೊಂಡೆ." ಅವಳು ಮುಷ್ಟಿಯನ್ನು ನೆಲಕ್ಕೆ ಗುದ್ದಿದಳು. ಪಟ್ಟಿಯೊಳಗೆ ಮಾತ್ರೆಯೊಂದು ಚಟ್ಟೆಂದಿತು. "ನಾನೇ ಕೊಂದೆ ಅವ್ರನ್ನ. ನಾನೇ!"

ಫೆನ್ನಾಗೆ ಅವಳನ್ನು ಸಮಾಧಾನ ಮಾಡುವಷ್ಟು ಬಿಡುವಿರಲಿಲ್ಲ. ಅವಳು ಓಣಿಯ ಎಲ್ಲ ಬಾಗಿಲುಗಳನ್ನೂ ನಿನ್ನೆಯೇ ತಟ್ಟಿದ್ದಳು. ಹಾಡು ಮುಗಿದ ಮೇಲೆ ಅಲೈಡಾರನ್ನು ನಾವು ಕಾಣಲಿಲ್ಲ ಎಂದೇ ಎಲ್ಲರೂ ಹೇಳಿದ್ದರು. ಬೇಕರಿಯವಳು, ಎದುರು ಮನೆಯ ದಂಪತಿ, ಮೂಲೆಮನೆಯ ಪಿಯಾನೋ ಮೇಷ್ಟ್ರು. ಎಲ್ಲರ ದನಿಯಲ್ಲೂ ಹುಡುಗಿ ಪಾಸಾದ ಸಂತೋಷ ಇನ್ನೂ ಹಾಗೇ ಇತ್ತು. ಅಂದರೆ ಅವರ್ಯಾರಿಗೂ ಶುಭಾಶಯ ವಾಪಸ್ ಬಂದಿರಲಿಲ್ಲ.

ಅಲೈಡಾ ಮನೆಮನೆಗೂ ಹೋಗಲಿಲ್ಲ. ಮೊದಲ ಮನೆಯಾಚೆಗೆ ಹೋಗಲೇ ಇಲ್ಲ.

"ಮಿರ್ತೆ, ಹೊಸ ವರ್ಷಕ್ಕೆ ಓಮಾ ತಿಂಡಿ ಹಂಚೋವಾಗ ಮೊದಲು ಯಾರ ಮನೆಗೆ ಹೋಗ್ತಾರೆ?"

ಹುಡುಗಿ ಒದ್ದೆ ಮುಖ ಎತ್ತಿದಳು. "ಪಕ್ಕದ ಮನೆಗೇ. ಯಾವಾಗ್ಲೂ."

ಆ ಮಾತು ಆಗ ಫೆನ್ನಾಳ ಕಿವಿಗೆ ವಾಪಸ್ ಬಂತು. ಕೇಳಿದಾಗ ಬರೀ ಉಡಾಫೆ ಎನಿಸಿದ್ದ ಮಾತು. *ಮುಂದಿನ ವರ್ಷ ಮತ್ತೆ ಹಾರಿಸ್ತಾಳೆ, ಬಿಡಿ.*

ಪಾಸಾದ ಹುಡುಗಿಯ ಮನೆಯಲ್ಲಿ ಮುಂದಿನ ವರ್ಷ ಯಾಕೆ ಬಾವುಟ ಹಾರಬೇಕು? ಮಿರ್ತೆ ಫೇಲಾಗಿದ್ದು ಅಜ್ಜಿಗೆ ಗೊತ್ತು, ಮೊಮ್ಮಗಳಿಗೆ ಗೊತ್ತು. ಮೂರನೆಯವನಿಗೆ ಹೇಗೆ ಗೊತ್ತಾಯಿತು?

ಅವಳು ತಟ್ಟನೆ ಎದ್ದು ತಿರುಗಿದಳು.

ಒಂಟಿ ರೂಲೊಫ್‌ನ ಕಿಟಕಿಕಟ್ಟೆಯ ಮೇಲೆ ಆಗ ಎರಡು ಕಾಫಿ ಬಟ್ಟಲಿದ್ದವು. ಈಗ ಒಂದೇ ಇತ್ತು.

ಅವಳು ನೋಡುತ್ತಿದ್ದಂತೆಯೇ, ಓಣಿಯ ಎಲ್ಲ ಕಿಟಕಿಗಳೂ ಬಿಸಿಲಿಗೆ ತೆರೆದುಕೊಂಡಿದ್ದ ಆ ಹಾಡುಹಗಲಿನಲ್ಲಿ, ಒಳಗಿನಿಂದ ಕೈಯೊಂದು ಬಂದು ಪರದೆಯನ್ನು ಮೆಲ್ಲಗೆ ಎಳೆಯಿತು.